ಅರ್ಧ ಬೆರಳು ಕೆಳಗೆ

ಡಾಕ್ಟರಮ್ಮ ಮೇಜಿನ ಖಾನೆ ಎಳೆದು ಎರಡು ವಸ್ತು ತೆಗೆದರು. ಒಂದನ್ನು ನನ್ನ ಬಲಗೈಗೆ ಕೊಟ್ಟರು, ಇನ್ನೊಂದನ್ನು ಎಡಗೈಗೆ. ಒಂದು ಗುಂಡಗಿತ್ತು, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿದ ಹಿಟ್ಟಿನ ಉಂಡೆಯ ಹಾಗೆ. ಇನ್ನೊಂದು ನೀರಿನ ಹನಿಯ ಆಕಾರದ್ದು, ಮೇಲೆ ತೆಳ್ಳಗೆ, ಕೆಳಗೆ ತುಂಬಿಕೊಂಡದ್ದು. ಎರಡೂ ತಣ್ಣಗಿದ್ದವು. ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು, ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮೊದಲಿನ ಆಕಾರಕ್ಕೆ ಬರುತ್ತಿತ್ತು. ಕ್ಯಾನ್ಸರಿಗೆಂದು ನನ್ನ ಬಲಗಡೆಯ ಎದೆ ತೆಗೆದು ಹದಿನಾಲ್ಕು ತಿಂಗಳಾಗಿತ್ತು. ಆ ಜಾಗಕ್ಕೆ ಇವೆರಡರಲ್ಲಿ ಒಂದು ಬರಬೇಕು, ಯಾವುದೆಂದು ನಾನು ಹೇಳಬೇಕು.

"ಈಗಲೇ ಹೇಳಬೇಕಾಗಿಲ್ಲ," ಎಂದರು ಡಾಕ್ಟರಮ್ಮ. "ಮನೇಲಿ ಮಾತಾಡ್ಕೊಂಡು ಬನ್ನಿ. ಮುಂದಿನ ಸಲ ಯಾರನ್ನಾದ್ರೂ ಜೊತೇಲಿ ಕರ್ಕೊಂಡು ಬನ್ನಿ. ಇನ್ನೊಬ್ಬರು ನೋಡಿ ಹೇಳಿದ್ರೆ ನಿಮಗೂ ಸುಲಭ."

ನಾನು ತಲೆಯಾಡಿಸಿದೆ. ಮನೆಯಲ್ಲಿ ಮಾತಾಡಲು ನನಗಿದ್ದದ್ದು ಒಂದು ಹೊಲಿಗೆ ಮಿಷನ್. ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ.

ನಾನು ರಾಯದುರ್ಗದ ಟೈಲರ್. ನಮ್ಮೂರಲ್ಲಿ ಬೀದಿಬೀದಿಗೂ ಜೀನ್ಸ್ ಪ್ಯಾಂಟ್ ಹೊಲಿಯುವವರಿದ್ದಾರೆ, ನಾನು ಮಾತ್ರ ಹೆಂಗಸರ ಬ್ಲೌಸ್ ಬಿಟ್ಟು ಬೇರೆ ಮುಟ್ಟಿದವಳಲ್ಲ. ನಮ್ಮ ಕಡೆ ಹೆಂಗಸರು ಟೇಪಿಗೆ ಮೈ ಕೊಡುವುದಿಲ್ಲ. ಚೆನ್ನಾಗಿ ಕೂತ ಹಳೆಯದೊಂದನ್ನು ತಂದು ಕೊಡುತ್ತಾರೆ. ಅದು ಅಳತೆ ಬ್ಲೌಸ್. ಅದನ್ನು ಹೊಸ ಬಟ್ಟೆಯ ಮೇಲೆ ಹಾಸಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುತ್ತೇನೆ. ತೊಂದರೆ ಏನೆಂದರೆ ಎಲ್ಲರೂ ತರುವುದು ಮದುವೆಯಾದ ಹೊಸದರಲ್ಲಿ ಹೊಲಿಸಿದ್ದನ್ನು. ಎರಡು ಹೆತ್ತು, ಮೈ ಬಂದು, ಬಂದ ಮೈ ಇಳಿದು, ಎಲ್ಲ ಆದ ಮೇಲೂ ಅದನ್ನೇ ಹಿಡಿದುಕೊಂಡು ಬಂದು "ಇದರಂಗ ಇರ್ಲಿ" ಎನ್ನುತ್ತಾರೆ. ಆಮೇಲೆ ಬಿಗಿಯಾಯಿತು ಎಂದು ನನ್ನ ಜೊತೆ ಜಗಳ. "ಅಕ್ಕಾರ, ಜಂಪರ್ ಸರಿ ಐತ್ರಿ, ಅದರೊಳಗ ಇದ್ದಾಕಿ ಬದಲಾಗ್ಯಾಳ" ಎಂದು ನಾನು ಕಾಲೆಳೆಯದ ಗಿರಾಕಿಯೇ ಇಲ್ಲ.

ಅಂಥವಳು ಆವತ್ತು ಬೆಂಗಳೂರಿನ ಆಸ್ಪತ್ರೆಗೆ ಚೀಲದಲ್ಲಿ ಏನು ಹಾಕಿಕೊಂಡು ಹೋಗಿದ್ದೆ? ನನ್ನದೇ ಅಳತೆ ಬ್ಲೌಸ್. ಹಸಿರು ರೇಷ್ಮೆಯದು, ಮದುವೆಯಾದ ಹೊಸದರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನೇ ಹೊಲಿದುಕೊಂಡದ್ದು. ಈಗ ನನಗೆ ನಲವತ್ತಾರು. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಇದರ ಅಳತೆಗೆ ಮಾಡಿಕೊಡ್ರಿ" ಎಂದೆ. ಹೇಳಿದ ಮೇಲೆ ನನ್ನ ಕಿವಿಗೇ ಕೇಳಿಸಿ ನಾಚಿಕೆಯಾಯಿತು. ಊರಿಗೆಲ್ಲ ಬುದ್ಧಿ ಹೇಳಿ ತಾನು ಗೋಡೆ ಹಾರಿದ ಹಾಗಾಯಿತು ನನ್ನ ಕಥೆ.

ಡಾಕ್ಟರಮ್ಮ ನಗಲಿಲ್ಲ. ಕೋಟಿನ ಜೇಬಿನಿಂದ ಟೇಪ್ ತೆಗೆದರು. ನನ್ನ ಅಂಗಡಿಯಲ್ಲಿರುವಂಥದ್ದೇ ಹಳದಿ ಟೇಪ್. ಗಂಟಲ ಕುಳಿಯಿಂದ ಎಡಗಡೆಯ ತೊಟ್ಟಿನವರೆಗೆ ಹಿಡಿದು ನೋಡಿ ಬರೆದುಕೊಂಡರು. ಬೇರೆಯವರ ಕೈಯಲ್ಲಿ ಟೇಪ್ ಕೊಟ್ಟು ನಾನು ಮೈ ಅಳೆಸಿಕೊಂಡದ್ದು ಅದೇ ಮೊದಲು.

"ಈ ಬ್ಲೌಸಿಗೆ ಸರಿಹೋಗಬೇಕು ಅಂದ್ರೆ ಗುಂಡಗಿರೋದು ಹಾಕಬೇಕು," ಎಂದರು. "ಮೇಲ್ಗಡೆ ತುಂಬಿ ಕಾಣುತ್ತೆ. ಆದ್ರೆ ನಿಮ್ಮ ಎಡಗಡೇದು ಈಗ ಹಾಗಿಲ್ಲ ಅಲ್ವಾ? ಜೋಡಿ ಆಗಬೇಕು ಅಂದ್ರೆ ಅದನ್ನೂ ಆಪರೇಷನ್ ಮಾಡಿ ಎತ್ತಬೇಕು. ಹನಿ ಥರದ್ದು ಹಾಕಿದ್ರೆ ಈಗಿರೋ ಎಡಗಡೆಗೆ ಹೊಂದುತ್ತೆ. ಅದನ್ನ ಮುಟ್ಟೋದು ಬೇಡ."

ಎರಡರ ದೋಷವನ್ನೂ ಮುಚ್ಚಿಡದೆ ಹೇಳಿದರು. ಹನಿಯಾಕಾರದ್ದು ಒಳಗೆ ತಿರುಗಿಕೊಂಡರೆ ಆಕಾರ ಕೆಡುತ್ತದೆ. ತಿರುಗಬಾರದೆಂದು ಅದರ ಮೈ ಒರಟಾಗಿ ಮಾಡಿರುತ್ತಾರೆ, ಆ ಒರಟಿನಿಂದ ಬಹಳ ಅಪರೂಪಕ್ಕೆ ಬೇರೆ ಕಾಯಿಲೆ ಬರುವುದುಂಟು. ಗುಂಡಗಿನದು ಎತ್ತ ತಿರುಗಿದರೂ ಒಂದೇ. ಯಾವುದನ್ನು ಹಾಕುವುದಾದರೂ ಮೊದಲು ಚರ್ಮ ಹಿಗ್ಗಿಸಲು ಒಂದು ಚೀಲ ಇಟ್ಟು ಕೆಲವು ತಿಂಗಳು ಕಾಯಬೇಕು. ಯಾವ ಆಕಾರವೆಂದು ಮುಂಚೆಯೇ ಗೊತ್ತಾದರೆ ಅದಕ್ಕೆ ತಕ್ಕ ಚೀಲ ಇಡಬಹುದು. ಮೂರು ವಾರ ಬಿಟ್ಟು ಬರಲು ಹೇಳಿದರು. ನಾನು ಹಸಿರು ಬ್ಲೌಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಂದ ಸೀದಾ ಮಡಕಶಿರಕ್ಕೆ ಹೋದೆ. ಅದು ನನ್ನ ತವರು. ಬೆಂಗಳೂರಿಗೆ ಹತ್ತಿರವೆಂದು ಚಿಕಿತ್ಸೆಯ ದಿನಗಳಲ್ಲೆಲ್ಲ ಅಣ್ಣನ ಮನೆಯಲ್ಲೇ ಇದ್ದೆ. ಇಪ್ಪತ್ತಮೂರು ವರ್ಷ ರಾಯದುರ್ಗದಲ್ಲಿದ್ದು ನನ್ನ ಮಾತು ಎಲ್ಲಿಯದೂ ಅಲ್ಲದ್ದಾಗಿದೆ. ಮಡಕಶಿರದಲ್ಲಿ ಬಾಯಿ ತೆರೆದರೆ "ಬಳ್ಳಾರಿಯೋಳು ಬಂದ್ಲು" ಎಂದು ನಗುತ್ತಾರೆ, ರಾಯದುರ್ಗದಲ್ಲಿ "ನಿಮ್ದು ಸಿರಾ ಕಡೀ ಮಾತ ಬಿಡ್ರಿ" ಎನ್ನುತ್ತಾರೆ. ನಾನು ಎರಡೂ ಕಡೆ ಹೊರಗಿನವಳೇ.

ಅತ್ತಿಗೆ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ನಾನೂ ಮೊರದ ಈಚೆ ಕೂತು ಸುಲಿಯುತ್ತ, ಗುಂಡಗಿನದು, ಹನಿಯಾಕಾರದ್ದು, ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. ಒಂದು ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿ, "ಯಾರ್ ನೋಡ್ತಾರೆ ಅಂತ ಕಣಮ್ಮಿ ಇದೆಲ್ಲಾ? ಜೀವ ಉಳಿದೈತೆ, ಸಾಲ್ದಾ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ. ಕೀಮೋ ಹಾಕಿಸಿಕೊಂಡು ಬಂದ ದಿನಗಳಲ್ಲಿ ನನ್ನ ವಾಂತಿ ಬಾಚಿದವಳು ಅವಳು. ತಲೆಗೂದಲು ಉದುರಿದಾಗ ದಿಂಬಿನ ಮೇಲಿನದನ್ನು ನನಗೆ ಕಾಣದ ಹಾಗೆ ತೆಗೆದು ಬಿಸಾಡುತ್ತಿದ್ದಳು. ಗಂಜಿ ಕುಡಿಸಿದಳು, ಕಾಲು ಒತ್ತಿದಳು. ಗಾಯವನ್ನು ಮಾತ್ರ ಒಂದು ದಿನವೂ ನೋಡಲಿಲ್ಲ. ಬಟ್ಟೆ ಬದಲಿಸುವಾಗ ಮುಖ ಆಚೆ ತಿರುಗಿಸಿಕೊಂಡೇ ಕೈ ಚಾಚಿ ಸೀರೆ ಕೊಡುತ್ತಿದ್ದಳು. ಅಣ್ಣನಂತೂ ನನ್ನ ಕಣ್ಣು ನೋಡಿ ಮಾತಾಡುವುದನ್ನೂ ಬಿಟ್ಟು, ನನ್ನ ತಲೆಯ ಮೇಲಿನ ಗೋಡೆ ನೋಡಿ ಮಾತಾಡುತ್ತಿದ್ದ. ಯಾರು ನೋಡುತ್ತಾರೆ ಎಂದು ಅವಳು ಕೇಳಿದಳಲ್ಲ, ನನ್ನ ಸಂಕಟವೂ ಅದೇ ಆಗಿತ್ತು. ಡಾಕ್ಟರು, ನರ್ಸು ಬಿಟ್ಟರೆ ಈ ಹದಿನಾಲ್ಕು ತಿಂಗಳಲ್ಲಿ ಒಂದು ಜೀವವೂ ನನ್ನನ್ನು ನೋಡಿರಲಿಲ್ಲ. ನೋಡಿ, ಅಯ್ಯೋ ಎನ್ನದೆ, ಇದಕ್ಕೆ ಇದು ಸರಿ ಎಂದು ಹೇಳುವ ಒಬ್ಬರು ನನಗೆ ಬೇಕಾಗಿತ್ತು. ಅಷ್ಟೇ. ಅದನ್ನು ಕಡಲೆಕಾಯಿ ಮೊರದ ಮುಂದೆ ಕೂತು ಹೇಗೆ ಕೇಳುವುದು?

ಹೊರಡುವಾಗ ಅತ್ತಿಗೆ ಐದು ಸೇರು ರಾಗಿ ಕಟ್ಟಿಕೊಟ್ಟಳು. "ಅಲ್ಲಿ ಬರೀ ಜ್ವಾಳ ತಿಂದು ಸೊರಗ್ಬೇಡ," ಎಂದಳು. ಬಸ್ಸು ತಿರುಗುವವರೆಗೆ ನಿಂತೇ ಇದ್ದಳು.

ರಾಯದುರ್ಗದಲ್ಲಿ ಯಾರಿಗೂ ನಿಜ ಹೇಳಿರಲಿಲ್ಲ. ಗರ್ಭಕೋಶದ ಆಪರೇಷನ್ ಎಂದಿದ್ದೆ. ನಮ್ಮ ಕಡೆ ನಲವತ್ತು ದಾಟಿದ ಹೆಂಗಸರಲ್ಲಿ ಅದು ನೆಗಡಿಯಷ್ಟು ಸಾಮಾನ್ಯ, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆದರೆ ಅದಕ್ಕೆ ತಕ್ಕ ಸಲಹೆಗಳು ತಪ್ಪುವುದಿಲ್ಲ. "ಕೊಡ ಎತ್ತಬ್ಯಾಡ್ರಿ", "ಸೊಂಟಕ್ಕ ಬೆಲ್ಟ್ ಹಾಕ್ಕೊಳ್ರಿ", "ನನಗೂ ತೆಗೆದಾರಲ್ಲ, ಈಗ ನೋಡ್ರಿ ಕಲ್ಲಿನಂಗ ಇದ್ದೀನಿ" ಎಂದು ಬಂದವರೆಲ್ಲ ಇಲ್ಲದ ನೋವಿಗೆ ಸಮಾಧಾನ ಹೇಳಿ ಹೋಗುತ್ತಿದ್ದರು. ನಾನು ಹೂನ್ರಿ, ಹೂನ್ರಿ ಎನ್ನುತ್ತಿದ್ದೆ. ಸುಳ್ಳು ಹೇಳಿದವಳು ನಾನೇ, ಹಾಗಾಗಿ ಒಂಟಿಯಾದದ್ದಕ್ಕೂ ಅರ್ಧ ಕಾರಣ ನಾನೇ. ಸೆರಗನ್ನು ಬಲಭುಜಕ್ಕೂ ಎಳೆದು ಹೊದ್ದುಕೊಂಡು, ಒಳಗೆ ಬಟ್ಟೆಯ ತುಂಡು ತುರುಕಿಕೊಂಡು ದಿನ ಕಳೆಯುತ್ತಿದ್ದೆ.

ಬಟ್ಟೆಯ ಬೆಲೆ ಹೆಚ್ಚಿದ್ದರೆ ನಾನು ಮೊದಲು ಹಳೆ ಲೈನಿಂಗ್ ಬಟ್ಟೆಯಲ್ಲಿ ಹೊಲಿದು ನೋಡುತ್ತೇನೆ. ಯೋಚಿಸಿ ಯೋಚಿಸಿ ತಲೆ ಕೆಟ್ಟ ಮೇಲೆ ಅದೇ ದಾರಿ ಹಿಡಿದೆ. ಒಂದು ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಲೈನಿಂಗ್ ಬಟ್ಟೆಯಲ್ಲಿ ಎರಡು ಚೀಲ ಹೊಲಿದೆ. ಒಂದು ಗುಂಡಗೆ, ಇನ್ನೊಂದು ಕೆಳಗೆ ಬಟ್ಟೆ ಮಡಚಿ ಎರಡು ಡಾಟ್ ಹಿಡಿದು ಹನಿಯ ಹಾಗೆ. ಎರಡಕ್ಕೂ ಅತ್ತಿಗೆ ಕೊಟ್ಟ ರಾಗಿ ತುಂಬಿದೆ. ಕಲ್ಲಿನಂತೆ ಗಟ್ಟಿಯಾಗದೆ, ಮೈಯ ಜೊತೆ ಅಲುಗುವಷ್ಟೇ ಅಲುಗುತ್ತಿತ್ತು. ಮೊದಲು ಗುಂಡಗಿನದನ್ನು ಇಟ್ಟುಕೊಂಡೆ. ಕನ್ನಡಿಯಲ್ಲಿ ಬಲಗಡೆ ಇಪ್ಪತ್ತಮೂರು, ಎಡಗಡೆ ನಲವತ್ತಾರು. ನನಗೇ ನಗು ಬಂತು. ಆದರೆ ಆ ಬಲಗಡೆಯನ್ನು ನೋಡುತ್ತ ಬಹಳ ಹೊತ್ತು ನಿಂತೆ. ಅದನ್ನು ನೋಡಿದ್ದ ಒಬ್ಬರೇ ಒಬ್ಬರು ಈಗ ಇಲ್ಲ.

ಹನಿಯಾಕಾರದ್ದನ್ನು ಇಟ್ಟುಕೊಂಡು ಮಿಷನ್ ಮೇಲೆ ಬಗ್ಗಿದೆ. ಅದು ಜಾರಿ ಹೊಟ್ಟೆಗೆ ಬಂತು. ಇದಕ್ಕೆ ಬ್ಲೌಸಿನ ಒಳಗೆ ಒಂದು ಕಿಸೆ ಬೇಕು ಎಂದುಕೊಂಡೆ. ಮೇಲಿನಿಂದ ಬಾಯಿ ಇಟ್ಟರೆ ಕತ್ತಿನ ಹತ್ತಿರ ಕಾಣುತ್ತದೆ, ಕೆಳಗಿಟ್ಟರೆ ಬೀಳುತ್ತದೆ. ಕಂಕುಳ ಕಡೆ ಬಾಯಿ ಇರಬೇಕು. ಭಾರ ತಡೆಯಲು ತಳಕ್ಕೆ ಎರಡು ಸಾಲು ಹೊಲಿಗೆ, ಬಾಯಿಗೊಂದು ಗುಂಡಿ. ಕೈ ತನ್ನ ಪಾಡಿಗೆ ತಾನು ಬಟ್ಟೆ ಕತ್ತರಿಸುತ್ತಿತ್ತು. ಅಳತೆ ನೋಡದೆ, ಗೆರೆ ಎಳೆಯದೆ. ಅರ್ಧ ಕತ್ತರಿಸಿದ ಮೇಲೆ ಕತ್ತರಿ ನಿಂತಿತು.

ಈ ಕಿಸೆಯನ್ನು ನಾನು ಹದಿನಾರು ವರ್ಷದಿಂದ ಹೊಲಿಯುತ್ತಿದ್ದೆ.

ಕಣೇಕಲ್ಲಿನ ಅಜ್ಜಿಯೊಬ್ಬರು ನನ್ನ ಗಿರಾಕಿ. ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ಬಸ್ಸಿನಲ್ಲಿ ಬಂದು ನಾಲ್ಕು ಬ್ಲೌಸಿನ ಬಟ್ಟೆ, ಅಳತೆ ಬ್ಲೌಸ್ ಕೊಟ್ಟು ಹೋಗುತ್ತಾರೆ. ಪ್ರತಿ ಸಲ ಒಂದೇ ಮಾತು: "ಎಡಗಡಿ ಒಳಗ ಕಿಸೆ ಇಡವ್ವ. ಬಾಯಿ ಕಂಕುಳ ಕಡಿ ಇರ್ಲಿ." ಎರಡು ವರ್ಷಕ್ಕೊಮ್ಮೆ ಅದಕ್ಕೊಂದು ಬಾಲ ಸೇರುತ್ತಿತ್ತು: "ಹೋದ ಸಲಕ್ಕಿಂತ ಅರ್ಧ ಬೆರಳು ಕೆಳಗ." ಬಾಯಿ ತುಂಬ ಎಲೆಯಡಿಕೆ ಹಾಕಿಕೊಳ್ಳುವ ಅಜ್ಜಿ. ಕಿಸೆ ಎಲೆಯ ಸಂಚಿಗೆ ಎಂದು ನಾನು ತಿಳಿದಿದ್ದೆ. ನಮ್ಮ ಕಡೆ ಹೆಂಗಸರು ಸಂಚಿ ಸಿಕ್ಕಿಸಿಕೊಳ್ಳುವುದೇ ಅಲ್ಲಿ. "ಇಷ್ಟು ದೊಡ್ಡ ಕಿಸೆ ಯಾಕ್ರಿ ಅಜ್ಜಿ, ಎಲೆ ತೋಟಾನ ಇಡ್ತೀರೇನು?" ಎಂದು ಪ್ರತಿ ವರ್ಷ ಕೆಣಕುತ್ತಿದ್ದೆ. ಅಜ್ಜಿ ಕೆಂಪು ಬಾಯಿ ತೆರೆದು ನಗುತ್ತಿದ್ದರು. ಬ್ಲೌಸ್ ನೋಡಿದರೆ ಅದನ್ನು ತೊಟ್ಟವಳ ಜಾತಕ ಹೇಳುತ್ತೇನೆ ಎಂದು ಜಂಬ ಕೊಚ್ಚಿಕೊಂಡವಳು ನಾನು. ಒಂದು ಸಲ, ಒಂದೇ ಸಲ, ಟೇಪ್ ಹಿಡಿದು ಅವರ ಮೈ ಅಳೆದಿದ್ದರೆ ಆ ಕಿಸೆ ಯಾತಕ್ಕೆಂದು ಗೊತ್ತಾಗುತ್ತಿತ್ತು. ಅಳತೆ ಬ್ಲೌಸ್ ನಮ್ಮಿಬ್ಬರ ನಡುವೆ ಗೋಡೆಯ ಹಾಗೆ ನಿಂತಿತ್ತು.

ಮಾರನೆಯ ದಿನ ಎರಡು ಚೀಲವನ್ನೂ ಕೈಚೀಲಕ್ಕೆ ಹಾಕಿಕೊಂಡು ಕಣೇಕಲ್ಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ನನ್ನ ಊಹೆ ತಪ್ಪಾಗಿದ್ದರೆ ಎಂದು ಹೆದರುತ್ತಿದ್ದೆ. ಕೆರೆ ತುಂಬಿತ್ತು. ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದರು.

ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಟ್ಟು, "ಯಾಕವ್ವ, ಯುಗಾದಿ ಇನ್ನೂ ದೂರ ಐತೆಲ್ಲ?" ಎಂದರು. ಅಜ್ಜಿಯ ಸೊಸೆ ನೀರು ತಂದುಕೊಟ್ಟು ಅಲ್ಲೇ ನಿಂತಳು. ನನ್ನ ಬಾಯಿಗೆ ಬಂದದ್ದು, "ಈ ಸಲ ಮೈ ಅಳತೆ ತಗೊಂಬೇಕ್ರಿ" ಎಂಬ ಮಾತು.

"ಅಳತಿ ಜಂಪರ್ ಐತೆಲ್ಲ," ಎಂದು ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ಸೆರಗು ಎಳೆದು ಹೊದ್ದ ನನ್ನ ಬಲಭುಜ ನೋಡಿದರು. ಸೊಸೆಯ ಕಡೆ ತಿರುಗಿ, "ನಮ್ಮ ಟೈಲರವ್ವಗ ಚಾ ಮಾಡು. ಮನ್ಯಾಗಿನ ಹಾಲು ಬ್ಯಾಡ, ಡೈರಿಗೆ ಹೋಗಿ ಹಸೀ ಹಾಲು ತಗೊಂಡು ಬಾ" ಎಂದರು.

ಅವಳು ಹೋದ ಮೇಲೆ ಒಳಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಏನು ಹೇಳಬೇಕೋ ತಿಳಿಯದೆ ನಾನು ಹನಿಯಾಕಾರದ ಚೀಲ ತೆಗೆದು ಅವರ ಅಂಗೈ ಮೇಲೆ ಇಟ್ಟೆ. ಅಜ್ಜಿ ಅದನ್ನು ತೂಗಿ ನೋಡಿ, ಬೆರಳಲ್ಲಿ ಅಮುಕಿದರು.

"ರಾಗಿ?"

"ಹೂನ್ರಿ."

"ರಾಗಿಗೆ ಹುಳ ಬೀಳ್ತಾವು. ಬೆವರು ತಾಗಿದ್ರ ಮುಗೀತು. ನಾನು ಸಾಸಿವಿ ಹಾಕ್ತೀನಿ," ಎಂದರು. "ಯಾವ ಕಡಿ?"

"ಬಲಗಡೆ."

"ತೋರಸು."

ಹುಕ್ಕುಗಳನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ದಿನಕ್ಕೆ ನೂರು ಹುಕ್ಕು ಹಚ್ಚುವ ಕೈ. ಅಜ್ಜಿ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಗಾಯದ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಬೆರಳಾಡಿಸಿದರು. "ಚಲೋ ಹೊಲಿದಾರ," ಎಂದರು. "ನಂದು ಗೋಣಿಚೀಲ ಹೊಲಿದಂಗ ಹೊಲಿದಾರ." ಅಷ್ಟು ಕೇಳಿದ್ದೇ ತಡ, ನಾನು ಅಳತೊಡಗಿದೆ. ಹದಿನಾಲ್ಕು ತಿಂಗಳಲ್ಲಿ ಅಳದಿದ್ದದ್ದೆಲ್ಲ ಒಟ್ಟಿಗೆ ಬಂತು. ಅಜ್ಜಿ ಸುಮ್ಮನಿರು ಎನ್ನಲಿಲ್ಲ. ಅತ್ತು ಮುಗಿಯುವವರೆಗೆ ಬೆರಳನ್ನು ಅಲ್ಲಿಂದ ತೆಗೆಯಲೂ ಇಲ್ಲ.

ಅಜ್ಜಿಗೆ ಎಡಗಡೆಯ ಆಪರೇಷನ್ ಆಗಿ ಹತ್ತೊಂಬತ್ತು ವರ್ಷ. ಗೊತ್ತಿದ್ದದ್ದು ಅವರ ಯಜಮಾನರಿಗೆ ಮಾತ್ರ, ಅವರೂ ಹೋದರು. ಮಗ ಸೊಸೆಗೆ ಹೇಳಿಲ್ಲ. "ನನಗ್ಯಾಕ ಹೇಳಲಿಲ್ರಿ, ನಾನು ಅಷ್ಟು ಚಾಷ್ಟಿ ಮಾಡ್ತಿದ್ದೆ," ಎಂದೆ. "ನೀ ಚಾಷ್ಟಿ ಮಾಡಿದಾಗ ನನಗೂ ಅದು ಎಲೆ ಸಂಚೀನ ಅನ್ನಿಸ್ತಿತ್ತು ನೋಡು," ಎಂದು ಅಜ್ಜಿ ನಕ್ಕರು.

ಎರಡು ಚೀಲವನ್ನೂ ಚಾಪೆಯ ಮೇಲಿಟ್ಟು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅಜ್ಜಿ ಗುಂಡಗಿನದನ್ನು ಎತ್ತಿಕೊಂಡರು.

"ಇದು ಯಾರದು?"

"ನಂದೇ. ಇಪ್ಪತ್ತಮೂರು ವರ್ಷದ ಹಿಂದಿಂದು."

"ಆಕಿ ಎಲ್ಲಿದಾಳ ಈಗ? ಇಲ್ಲದಾಕಿಗೆ ಯಾಕ ಹೊಲಿತಿ? ಇದ್ದಾಕಿಗೆ ಹೊಲಿ," ಎಂದರು. "ನಾನು ಎರಡು ವರ್ಷಕ್ಕೊಮ್ಮೆ ಕಿಸೆ ಕೆಳಗ ಇಡಿಸ್ತಿದ್ದೆ, ಯಾಕ? ಇದ್ದದ್ದು ಕೆಳಗ ಇಳಿದಂಗ ಇಲ್ಲದ್ದೂ ಇಳೀಬೇಕಲ್ಲವ್ವ."

ಹೊರಗೆ ಗೇಟಿನ ಸದ್ದಾಯಿತು. ನಾನು ಹುಕ್ಕು ಹಾಕಿಕೊಂಡೆ. ಸೊಸೆ ಚಹಾ ತರುವಷ್ಟರಲ್ಲಿ ಅಜ್ಜಿ ಜಗಲಿಯ ಮೇಲೆ ಕೂತು ಕಾಲುವೆಯ ನೀರಿನ ಸುದ್ದಿ ಮಾತಾಡುತ್ತಿದ್ದರು. ಮತ್ತೆ ಆ ಮಾತು ಎತ್ತಲಿಲ್ಲ, ನನ್ನ ಕಡೆ ಹೆಚ್ಚು ನೋಡಲೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹೋಗುವಾಗಿನದಕ್ಕಿಂತ ಹೆಚ್ಚು ಒಂಟಿ ಎನ್ನಿಸಿತು. ಅರ್ಧ ಗಂಟೆ ಒಬ್ಬರು ಜೊತೆಗಿದ್ದರೆಂದರೆ ಉಳಿದ ಹೊತ್ತು ಎಷ್ಟು ಉದ್ದವೆಂದು ಗೊತ್ತಾಗುತ್ತದೆ.

ಮೂರು ವಾರಕ್ಕೆ ಬೆಂಗಳೂರಿಗೆ ಒಬ್ಬಳೇ ಹೋದೆ. ಈ ಸಲ ಹಸಿರು ಬ್ಲೌಸ್ ಒಯ್ಯಲಿಲ್ಲ. "ಯಾರೂ ಬಂದಿಲ್ವಾ?" ಎಂದರು ಡಾಕ್ಟರಮ್ಮ. "ನೋಡೋರು ನೋಡಿ ಆಗೇತ್ರಿ," ಎಂದೆ. "ಹನಿಯಾಕಾರದ್ದೇ ಇರಲಿ. ಎಡಗಡೆದನ್ನ ಮುಟ್ಟಬ್ಯಾಡ್ರಿ."

ಅವರು ಬರೆದುಕೊಂಡರು. ಪೆನ್ನು ಮುಚ್ಚಿ, "ಒಂದು ಮಾತು ಮೊದಲೇ ಹೇಳ್ಬಿಡ್ತೀನಿ," ಎಂದರು. "ಇದು ಹಾಕಿದ ಹಾಗೇ ಇರುತ್ತೆ. ನಿಮ್ಮ ಎಡಗಡೇದು ಹಾಗಿರಲ್ಲ, ವಯಸ್ಸಾದ ಹಾಗೆ ಇಳಿಯುತ್ತೆ. ಇನ್ನು ಹತ್ತು ಹದಿನೈದು ವರ್ಷಕ್ಕೆ ಎರಡೂ ಒಂದೇ ಥರ ಕಾಣಲ್ಲ. ಆವಾಗ ಬಂದು ನನ್ನ ಬೈಬಾರದು."

ಕಾಯಿಲೆ ಗೊತ್ತಾದಾಗಿನಿಂದ ಎಲ್ಲರೂ ನನ್ನ ಜೊತೆ ಮೂರು ತಿಂಗಳು, ಆರು ತಿಂಗಳಿನ ಲೆಕ್ಕದಲ್ಲೇ ಮಾತಾಡುತ್ತಿದ್ದರು. ಮೂರು ತಿಂಗಳಿಗೆ ಸ್ಕ್ಯಾನ್, ಆರು ತಿಂಗಳಿಗೆ ನೋಡೋಣ. ನಾನೂ ಮುಂದಿನ ಯುಗಾದಿಯ ಆಚೆಗೆ ಯೋಚಿಸುವುದನ್ನು ಬಿಟ್ಟಿದ್ದೆ. "ಎಷ್ಟು ವರ್ಷ ಅಂದ್ರಿ?" ಎಂದು ಕೇಳಿದೆ. ಕೇಳಿಸಲಿಲ್ಲವೇನೋ ಎಂದುಕೊಂಡು ಅವರು ದೊಡ್ಡ ದನಿಯಲ್ಲಿ ಇನ್ನೊಮ್ಮೆ ಹೇಳಿದರು.

ಆಪರೇಷನ್ ಎಲ್ಲ ಮುಗಿದು ಒಂದು ಯುಗಾದಿ ಆಯಿತು. ಈ ವರ್ಷ ಅಜ್ಜಿಗೆ ಬಸ್ಸು ಹತ್ತಲು ಮಂಡಿನೋವು, ಸೊಸೆಯ ಕೈಯಲ್ಲಿ ನಾಲ್ಕು ಬಟ್ಟೆ ಕಳಿಸಿದ್ದರು. "ಎಲೆ ಸಂಚಿ ಕಿಸೆ ಅರ್ಧ ಬೆರಳು ಕೆಳಗ ಅಂತ ಹೇಳ್ಯಾರ. ಅದೇನು ಹುಚ್ಚೋ ನಮ್ಮತ್ತಿಗೆ," ಎಂದು ಅವಳು ನಕ್ಕಳು. ನಾನೂ ನಕ್ಕೆ. ಒಬ್ಬಳೇ ಕೂತು ತಳಕ್ಕೆ ಎರಡರ ಬದಲು ಮೂರು ಸಾಲು ಹೊಲಿಗೆ ಹಾಕಿದೆ.

ತಿಂಗಳಿಗೊಮ್ಮೆ ಶಟರ್ ಅರ್ಧ ಎಳೆದು ಕನ್ನಡಿಯ ಮುಂದೆ ನಿಂತು ನನ್ನನ್ನು ನಾನೇ ಅಳೆದುಕೊಳ್ಳುತ್ತೇನೆ. ಗಂಟಲ ಕುಳಿಯಿಂದ ಬಲಕ್ಕೆ, ಗಂಟಲ ಕುಳಿಯಿಂದ ಎಡಕ್ಕೆ. ಸದ್ಯಕ್ಕೆ ಎರಡೂ ಒಂದೇ. ನನಗೇನೂ ಆತುರವಿಲ್ಲ. ಆದರೆ ಎಡಗಡೆಯದು ಅರ್ಧ ಬೆರಳು ಕೆಳಗಿಳಿದದ್ದನ್ನು ಕಣ್ಣಾರೆ ನೋಡದೆ ನಾನು ಹೋಗುವವಳಲ್ಲ.